ಕಾಯಿಲೆಯವರಿಗೆ ಕಾಫಿ

ಗುರುವಾರ, ಸೆಪ್ಟೆಂಬರ್ 19, 2024

ಇವತ್ತು ಲ್ಯಾಬಿನಲ್ಲಿ ಊಟದ ಹೊತ್ತಿಗೆ ಯೂಲಿಯಾನಾ ಫೋನಿನಲ್ಲಿ ಯಾರ ಜೊತೆಗೋ ನಗುನಗುತ್ತಾ ಮಾತಾಡಿ, ಪರದೆಗೆ ಮುತ್ತು ಕೊಟ್ಟು ಇಟ್ಟಳು. ಯಾರು ಎಂದೆ. ನಮ್ಮಮ್ಮ ಅಂದಳು. ಹೇಗಿದ್ದಾರೆ ಎಂದಿದ್ದಕ್ಕೆ ಕಾಯಿಲೆ, ಏಪ್ರಿಲ್‌ನಿಂದ ಮಲಗಿದ್ದಾಳೆ ಅಂದಳು. ಡಾಕ್ಟರು ಏನಂತಾರೆ ಎಂದೆ ನಾನು, ದಡ್ಡಿ. ಡಾಕ್ಟರು ಏಪ್ರಿಲ್‌ನಲ್ಲೇ ಸತ್ತಿದ್ದಾಳೆ ಅಂದರು ಎಂದು ಹೇಳಿ ಡಬ್ಬಿಯ ಅನ್ನ ಕಲಸಿಕೊಂಡಳು.

ಆರು ವರ್ಷದಿಂದ ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡುವವಳು. ಇಂಡೋನೇಷ್ಯಾದವಳು ಎಂದು ಗೊತ್ತಿತ್ತು, ಟೊರಾಜಾ ಎಂಬ ಬೆಟ್ಟದ ಸೀಮೆಯವಳು ಎಂದು ಇವತ್ತು ತಿಳಿಯಿತು. ಅಲ್ಲಿ ಉಸಿರು ನಿಂತ ಮಾತ್ರಕ್ಕೆ ಮನುಷ್ಯ ಸತ್ತ ಹಾಗಲ್ಲವಂತೆ. ದೇಹಕ್ಕೆ ಔಷಧ ಕೊಟ್ಟು, ಬಟ್ಟೆ ಸುತ್ತಿ ಮನೆಯಲ್ಲೇ ಮಲಗಿಸುತ್ತಾರೆ. ತಿಂಗಳುಗಟ್ಟಲೆ, ಕೆಲವು ಮನೆಗಳಲ್ಲಿ ವರ್ಷಗಟ್ಟಲೆ. ಹೊತ್ತು ಹೊತ್ತಿಗೆ ತಟ್ಟೆ ಇಡುತ್ತಾರೆ, ಕಾಫಿ ಇಡುತ್ತಾರೆ, ಬಂದವರು ಹತ್ತಿರ ಕೂತು ಹೇಗಿದ್ದೀರಿ ಎಂದು ಮಾತಾಡಿಸುತ್ತಾರೆ. ಅಲ್ಲಿಯತನಕ ಅವರು ಬರೀ ಕಾಯಿಲೆಯವರು. ಊರೆಲ್ಲ ಸೇರಿ ದೊಡ್ಡ ಕ್ರಿಯೆ ಮಾಡಿ, ಮೊದಲನೇ ಕೋಣ ಬಲಿಯಾದಾಗಲೇ ಸತ್ತರು ಎಂದು ಒಪ್ಪುವುದು.

"ಮಕ್ಕಳೆಲ್ಲ ಬಂದು ಸೇರಬೇಕಲ್ಲ, ಕೌಸಲ್ಯಾ," ಅಂದಳು. "ನಾನು ಹೋಗದೆ ನನ್ನಮ್ಮ ಸಾಯುವ ಹಾಗಿಲ್ಲ."

ನಾನು ಮೊಸರನ್ನದ ಡಬ್ಬಿ ಮುಚ್ಚಿಟ್ಟೆ. ರೋಗಿಗಳ ಮಾಂಸದ ಚೂರನ್ನು ಪರೀಕ್ಷೆಗಾಗಿ ಮೇಣದಲ್ಲಿಟ್ಟು, ತೆಳ್ಳಗೆ ಹೆರೆದು, ಗಾಜಿನ ಮೇಲೆ ಕೂರಿಸಿ ನಂಬರ್ ಬರೆಯುವುದೇ ನನ್ನ ಹೊಟ್ಟೆಪಾಡು. ಆದರೂ ಮನೆಯೊಳಗೆ ಹೆಣ ಎಂದರೆ ಒಪ್ಪಲಾಗಲಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. ಹೇಳಿದೆ ಅಂದರೆ, ಇವರ ಓದುವ ಕೋಣೆಯ ಬಾಗಿಲಲ್ಲಿ ನಿಂತು ಸ್ವಲ್ಪ ಜೋರಾಗಿ ಯೋಚಿಸಿದೆ, ಅಷ್ಟೆ. ಹಿತ್ತಾಳೆ ಕಳಶ ಪುಸ್ತಕದ ಕಪಾಟಿನ ಮೇಲೆ ಇದ್ದ ಹಾಗೇ ಇತ್ತು.

ಭಾನುವಾರ, ನವೆಂಬರ್ 17, 2024

ನಿನ್ನೆ ಇವರ ವರ್ಷಾಬ್ದಿಕ ಮುಗಿಯಿತು. ಮುನ್ನೂರು ಮೈಲಿ ದೂರದ ವಿಕ್ಸಮ್‌ನಿಂದ ಮಗ ಹೃಷಿ, ಸೊಸೆ ವಿಭಾ ಬಂದಿದ್ದರು. ಅಲ್ಲೇ ಹತ್ತಿರದ ಲಿವೋನಿಯಾದಿಂದ ಇವರ ಅಣ್ಣ ರಘೋತ್ತಮ ಭಾವನವರು ದರ್ಭೆ, ಎಳ್ಳು, ಬೈಗುಳ ಎಲ್ಲವನ್ನೂ ಕಟ್ಟಿಕೊಂಡು ಬಂದಿದ್ದರು. "ಅಸ್ಥಿ ಮನೇಲಿಟ್ಕೊಂಡು ತಿಥಿ ಮಾಡೋದು ಯಾವ ಶಾಸ್ತ್ರ, ಕೌಸಲ್ಯಾ? ಶೇಷುಗೆ ಗತಿ ಬೇಡ್ವಾ?" ಅಂದರು, ಎಲೆ ಮುಂದೆ ಕೂತು. ಊರಿಗೆ ಹೋಗಿ ಶ್ರೀರಂಗಪಟ್ಟಣದಲ್ಲಿ ಬಿಡುತ್ತೇನೆ, ಇವರ ಆಸೆಯೂ ಅದೇ ಎಂದೆ. ಯಾವಾಗ ಎಂದರು. ಬಡಿಸುವ ನೆಪದಲ್ಲಿ ಎದ್ದು ಹೋದೆ.

ಹೃಷಿ ದೊಡ್ಡಪ್ಪನ ಪಕ್ಷವನ್ನೂ ಹಿಡಿಯದೆ, ನನ್ನದನ್ನೂ ಹಿಡಿಯದೆ ಊಟ ಮುಂದುವರಿಸಿದ. ಹೋದ ವರ್ಷವೂ ಹಾಗೇ. ಇಲ್ಲಿ ನಮ್ಮ ಡೌನರ್ಸ್ ಗ್ರೋವ್ ರೈಲು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕುಸಿದ ಇವರನ್ನು ಮೂರನೇ ದಿನ ಕ್ರಿಮೆಟೋರಿಯಮ್ಮಿಗೆ ತಂದಾಗ, ಯಂತ್ರದ ಗುಂಡಿ ಒತ್ತಲು ಹೃಷಿಯನ್ನು ಒಳಗೆ ಕರೆದರು. ನಾನೂ ಹೆಜ್ಜೆ ಇಟ್ಟೆ. ಭಾವನವರು ಬಾಗಿಲಿಗೆ ಕೈ ಅಡ್ಡ ಹಿಡಿದು ಹೆಂಗಸರು ಬೇಡ ಅಂದರು. ಹೃಷಿ ತಿರುಗಿ ನನ್ನನ್ನು ನೋಡಿ, ತಲೆ ತಗ್ಗಿಸಿ ಒಳಗೆ ಹೋದ. ಮೂವತ್ತೈದು ವರ್ಷ ಬಾಳಿದವಳು ಹೊರಗೆ ಕಾಫಿ ಯಂತ್ರದ ಪಕ್ಕ ನಿಂತಿದ್ದೆ.

ಮಾರನೇ ವಾರ ಕಳಶ ತರಲು ಮಾತ್ರ ನಾನೇ ಹೋಗಿದ್ದೆ. ಅಲ್ಲಿಯವನು ಮುಚ್ಚಳ ತೆಗೆದು ತೋರಿಸಿದ. ಬೂದಿ ಅಂದುಕೊಂಡಿದ್ದೆ, ಬನ್ಸಿ ರವೆಯ ಹಾಗೆ ತರಿತರಿಯಾಗಿತ್ತು. ಮೇಲೆ ನಾಣ್ಯದಂಥ ಒಂದು ಉಕ್ಕಿನ ಬಿಲ್ಲೆ. ದೇಹದ ಜೊತೆಗೇ ಬೆಂಕಿಗೆ ಹೋಗಿ ಜೊತೆಗೇ ಬರುತ್ತದೆ, ಅದಲುಬದಲಾಗದಿರಲಿ ಎಂದು, ಅಂದ. ನಂಬರ್ 41872. ಅವತ್ತು ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ. ನಂಬರಿನ ಬೆಲೆ ನನಗೆ ಗೊತ್ತು.

ಭಾನುವಾರ, ಡಿಸೆಂಬರ್ 8, 2024

ಯೂಲಿಯಾನಾ ಅವಳ ಊರಿನ ಕಾಫಿಪುಡಿ ಕೊಟ್ಟಿದ್ದಳು. ಚಿಕೋರಿ ಬೆರೆಸಿ ಫಿಲ್ಟರಿಗೆ ಹಾಕಿದೆ. ಕೈಯ ಅಭ್ಯಾಸ, ಎರಡು ಲೋಟ ಆಯಿತು. ಚೆಲ್ಲುವುದೇಕೆ ಎಂದು ಒಂದನ್ನು ಇವರ ಕಪಾಟಿನ ಮೇಲಿಟ್ಟೆ. ಪರವಾಗಿಲ್ಲ, ನಮ್ಮ ಕಾಫಿಗಿಂತ ಒಂದು ಕೈ ಕಡಿಮೆ. ಇವರೂ ಹಾಗೇ ಅನ್ನುತ್ತಿದ್ದರು.

ಶನಿವಾರ, ಜನವರಿ 18, 2025

ಹೊರಗೆ ಆರು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಎಲ್ಲೂ ಹೋಗಲಿಲ್ಲ.

ಗೋರಿಯಲ್ಲಿಟ್ಟ ಮೇಲೂ ಸತ್ತವರನ್ನು ಸುಮ್ಮನಿರಲು ಬಿಡುವುದಿಲ್ಲವಂತೆ ಟೊರಾಜಾದವರು. ಬಂಡೆಯಲ್ಲಿ ಕೊರೆದ ಗೋರಿಗಳನ್ನು ಕೆಲವು ವರ್ಷಕ್ಕೊಮ್ಮೆ ತೆರೆದು, ಅಜ್ಜ ಅಜ್ಜಿಯರನ್ನು ಬಿಸಿಲಿಗೆ ತಂದು, ಧೂಳು ಒರೆಸಿ ಹೊಸ ಬಟ್ಟೆ ಉಡಿಸುತ್ತಾರೆ. ಯೂಲಿಯಾನಾ ತೋರಿಸಿದ ಫೋಟೋದಲ್ಲಿ ಅವಳ ತಾತ ಕೋಟು ಹಾಕಿ, ಕನ್ನಡಕ ಇಟ್ಟು ಮೊಮ್ಮಕ್ಕಳ ನಡುವೆ ನಿಂತಿದ್ದಾನೆ. ಹೆದರಿಕೆ ಆಗುತ್ತದೆ ಅಂದುಕೊಂಡಿದ್ದೆ. ಕೋಟು ಸ್ವಲ್ಪ ದೊಡ್ಡದಾಯಿತು ಅನ್ನಿಸಿತು, ಅಷ್ಟೆ.

ಕಳಶಕ್ಕೆ ಸುತ್ತಿದ್ದ ಟವೆಲ್ ತೆಗೆದು ಇವರ ಜರಿ ಶಲ್ಯ ಸುತ್ತಿದೆ. ಟವೆಲ್ ಧೂಳಾಗಿತ್ತು, ಬೇರೇನಿಲ್ಲ.

ವಿಡಿಯೋ ಕಾಲ್‌ನಲ್ಲಿ ಹೃಷಿಗೆ ಲೋಟ ಕಂಡುಬಿಟ್ಟಿತು. "ಅಮ್ಮ, ಅದು ಯಾರಿಗೆ?" ಅಂದ. ನಿಮ್ಮಪ್ಪಂಗೆ ಎಂದೆ. ಅವನ ಮುಖ ನೋಡಬೇಕಿತ್ತು. ವಿಭಾ ಫೋನ್ ಇಸಕೊಂಡು ಸೀಮಂತದ ಸೀರೆಯ ಮಾತು ತೆಗೆದಳು, ಜಾಣೆ.

ಭಾನುವಾರ, ಫೆಬ್ರವರಿ 16, 2025. ವಿಕ್ಸಮ್

ನಿನ್ನೆ ವಿಭಾಳ ಸೀಮಂತ. ಇವರನ್ನೂ ಕರೆದುಕೊಂಡು ಬಂದೆ. ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದ್ದೆ, ಅಲುಗಾಡದಿರಲಿ ಎಂದು. ಗ್ಯಾರೇಜಿಗೆ ಕಾರು ಬಂದ ಕೂಡಲೇ ಭಾವನವರು ಎದುರು ನಿಂತರು. ಶುಭಕಾರ್ಯದ ಮನೆಯಲ್ಲಿ ಅಸ್ಥಿ ಇರಕೂಡದು, ಮೂರು ದಿನ ತಮ್ಮ ಲಿವೋನಿಯಾದ ಮನೆಯಲ್ಲಿ ಇರಲಿ ಅಂದರು. ಮನಸ್ಸಿರಲಿಲ್ಲ. ಹೃಷಿ ಹತ್ತಿರ ಬಂದು, "ಮಗುವಿಗೋಸ್ಕರ ಅಮ್ಮ, ಪ್ಲೀಸ್. ನಾನೇ ಜೋಪಾನವಾಗಿ ಇಟ್ಟು ಬರ್ತೀನಿ," ಅಂದ. ಮಗುವಿನ ಹೆಸರು ಹೇಳಿದರೆ ನಾನೇನು ಮಾಡಲಿ. ಕೊಟ್ಟೆ. ಕೊಡುವಾಗ ಶಲ್ಯ ಸರಿಮಾಡಿದೆ.

ಹೋಮ ಗ್ಯಾರೇಜಿನಲ್ಲೇ ಆಯಿತು, ಮನೆಯೊಳಗೆ ಹೊಗೆಯಾದರೆ ಅಲಾರಂ ಕಿರುಚುತ್ತದೆ. ಆರತಿಗೆ ವಿಭಾಳ ಅಮ್ಮನನ್ನು ಕರೆದರು. ನನ್ನನ್ನು ಯಾರೂ ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾನೇ ತಟ್ಟೆ ಲೋಟ ಎತ್ತುತ್ತಾ ಅಡುಗೆಮನೆ ಸೇರಿಕೊಂಡೆ. ಆಮೇಲೆ ಹೋಮದ ಬೂದಿಯನ್ನು ನಾನೇ ಬಾಚಿ ಡಬ್ಬಕ್ಕೆ ತುಂಬಿದೆ. ಗಿಡಕ್ಕೆ ಹಾಕುತ್ತೇನೆ ಎಂದು ಭಾವನವರು ಕೇಳಿ ತೆಗೆದುಕೊಂಡರು. ಈ ಹಿಮದಲ್ಲಿ ಯಾವ ಗಿಡವೋ, ಅವರ ಲೆಕ್ಕ ಅವರಿಗೆ.

ಇವತ್ತು ಬೆಳಿಗ್ಗೆ ಎರಡು ಲೋಟ ಕಾಫಿ ಮಾಡಿ, ಎಲ್ಲಿಡಬೇಕೋ ತಿಳಿಯದೆ ಎರಡನ್ನೂ ಕುಡಿದೆ. ಹೃಷಿ ಮನೆಯಲ್ಲಿರಲಿಲ್ಲ. ದೊಡ್ಡಪ್ಪನ ಜೊತೆ ಎಲ್ಲೋ ಹೋಗಿದ್ದಾನೆ ಅಂದಳು ವಿಭಾ, ಒಲೆಯ ಕಡೆ ನೋಡುತ್ತಾ.

ಮಂಗಳವಾರ, ಮಾರ್ಚ್ 11, 2025

ಬರೆದು ಬಹಳ ದಿನವಾಯಿತು. ಬರೆಯುವಂಥ ದುಃಖ ಇರಲಿಲ್ಲ.

ಮೂರನೇ ದಿನ ಶಲ್ಯ ಸಮೇತ ಕಳಶ ತಂದುಕೊಟ್ಟಾಗಿನಿಂದ ಹೃಷಿ ಬದಲಾಗಿದ್ದಾನೆ. ಈಗ ದಿನಾ ಬೆಳಿಗ್ಗೆ ಆಫೀಸಿಗೆ ಡ್ರೈವ್ ಮಾಡುತ್ತಾ ಫೋನ್ ಮಾಡುತ್ತಾನೆ. "ಅಪ್ಪಂಗೆ ಕಾಫಿ ಆಯ್ತಾ?" ಎಂದು ಅವನೇ ಕೇಳುತ್ತಾನೆ. ಮೊದಲ ಸಲ ಕೇಳಿದಾಗ ಕಣ್ಣಲ್ಲಿ ನೀರು ಬಂತು. ಮಗ ಕೊನೆಗೂ ನನ್ನ ಪಕ್ಷಕ್ಕೆ ಬಂದ. ಯೂಲಿಯಾನಾಗೆ ಹೇಳಿದರೆ ಅವಳೂ ಸಂತೋಷಪಟ್ಟಳು.

ಸೋಮವಾರ, ಏಪ್ರಿಲ್ 14, 2025

ಹೆಣ್ಣು ಮಗು. ಏಳು ಪೌಂಡು. ಇಳಾ ಎಂದು ಕರೆಯುತ್ತಾರಂತೆ. ಮೂಗು ಇವರದೇ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕೂತು ಅತ್ತೆ.

ಶನಿವಾರ, ಮೇ 24, 2025

ಯೂಲಿಯಾನಾ ಜೂನ್ ಕೊನೆಗೆ ಟಿಕೆಟ್ ಮಾಡಿಸಿದಳು. ಜುಲೈ 19ಕ್ಕೆ ಅವಳ ಅಮ್ಮನ ಕ್ರಿಯೆ. ಜಕಾರ್ತಾದಿಂದ ಅಣ್ಣ, ಹಾಲೆಂಡಿನಿಂದ ತಂಗಿ, ಎಲ್ಲರೂ ಸೇರುತ್ತಿದ್ದಾರೆ. ಇಷ್ಟು ದಿನ ಮನೆಯಲ್ಲಿಟ್ಟುಕೊಂಡು ಕಳಿಸಲು ಕಷ್ಟವಾಗುವುದಿಲ್ಲವೇ ಎಂದೆ. ಇಷ್ಟು ದಿನ ಇಟ್ಟುಕೊಂಡಿದ್ದಕ್ಕೇ ಕಳಿಸಲು ಆಗುತ್ತಿದೆ ಅಂದಳು.

ಮನೆಗೆ ಬಂದು ನಾನೂ ಆಗಸ್ಟಿಗೆ ಬೆಂಗಳೂರಿನ ಟಿಕೆಟ್ ತೆಗೆದೆ. ಶ್ರೀರಂಗಪಟ್ಟಣ. ಹೊರಡೋಣ ಎಂದು ಇವರಿಗೆ ಹೇಳಿದೆ. ಹೃಷಿಗೂ ಹೇಳಿದೆ. ಕುಣಿದಾಡುತ್ತಾನೆ ಅಂದುಕೊಂಡರೆ ಯಾವ ತಾರೀಕು ಎಂದು ಎರಡೆರಡು ಸಲ ಕೇಳಿದ. ಆಮೇಲೆ, "ನಾನೂ ಬರ್ತೀನಿ ಅಮ್ಮ. ಕಳಶ ಮಾತ್ರ ಓಪನ್ ಮಾಡ್ಬೇಡ, ಹಾಗೇ ಇರ್ಲಿ," ಅಂದ. ಎಷ್ಟು ಕಾಳಜಿ.

ಶನಿವಾರ, ಜೂನ್ 7, 2025

ಲೋಹದ ಪಾತ್ರೆಯಾದರೆ ವಿಮಾನ ನಿಲ್ದಾಣದ ಯಂತ್ರಕ್ಕೆ ಒಳಗಿರುವುದು ಕಾಣುವುದಿಲ್ಲ, ಮರದ ಪೆಟ್ಟಿಗೆಗೆ ಬದಲಿಸಿ ಅಂದರು ವಿಮಾನದ ಕಂಪನಿಯವರು. ಮರದ ಪೆಟ್ಟಿಗೆ ತಂದೆ. ಮಿಂದು, ಮಡಿ ಸೀರೆ ಉಟ್ಟು, ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕಳಶ ತೆರೆದೆ.

ಬಿಲ್ಲೆ ಇರಲಿಲ್ಲ.

ಕೆಳಗೆ ಜಾರಿರಬೇಕು ಎಂದು ಬಟ್ಟೆಯ ಮೇಲೆ ಸುರಿದೆ. ಮೆತ್ತಗೆ ಸುರಿಯಿತು. ರವೆಯಲ್ಲ, ವಿಭೂತಿ. ಬೆರಳಿಗೆ ತುಪ್ಪದ ಜಿಡ್ಡು. ಒಂದು ಅರಳಿ ಸಮಿತ್ತಿನ ತುಂಡು, ಅರ್ಧ ಸುಟ್ಟಿದ್ದು. ಕಪ್ಪಾದ ಅಕ್ಕಿ ಕಾಳು. ಒಂದಲ್ಲ, ಹನ್ನೊಂದು. ಕೊನೆಗೆ ತಳದಿಂದ ಬಿದ್ದ ಒಂದು ಮರಳಿನ ಚೀಲ.

ನಾನೇ ಬಾಚಿ ಡಬ್ಬಕ್ಕೆ ತುಂಬಿದ ಬೂದಿ.

ಭಾನುವಾರ, ಜೂನ್ 8, 2025

ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ ವಿಕ್ಸಮ್ ತಲುಪಿದೆ. ಮುನ್ನೂರು ಮೈಲಿಯಲ್ಲಿ ಒಂದು ಕಡೆಯೂ ಇಳಿಯಲಿಲ್ಲ. ಹೃಷಿ ಬಾಗಿಲು ತೆಗೆದವನು ನನ್ನ ಕೈಯಲ್ಲಿದ್ದ ಅಕ್ಕಿ ಕಾಳು ನೋಡಿದ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅವನು ತಡವರಿಸಿ ಹೇಳಿದ್ದು ಇಷ್ಟು. ಅಸ್ಥಿ ಬಿಡದೆ ಇರುವ ಮನೆಯಲ್ಲಿ ಮಗು ಹುಟ್ಟಿದರೆ ಕೇಡು ಎಂದು ದೊಡ್ಡಪ್ಪ ದಿನಾ ಫೋನ್ ಮಾಡಿ ಹೆದರಿಸಿದರು. ವಿಭಾ ನಿದ್ದೆಗೆಟ್ಟಳು. ಸೀಮಂತದ ಮಾರನೇ ದಿನ ಅವನೂ ದೊಡ್ಡಪ್ಪನೂ ಮಿಲ್ಫರ್ಡಿನ ಹತ್ತಿರ ಹ್ಯೂರಾನ್ ನದಿಗೆ ಹೋದರು. ಎಲ್ಲ ಕಡೆ ಹೆಪ್ಪುಗಟ್ಟಿತ್ತು, ಡ್ಯಾಮಿನ ಕೆಳಗೆ ಮಾತ್ರ ನೀರು ಹರಿಯುತ್ತಿತ್ತು. ಅಲ್ಲಿ ಸುರಿದರು. ಖಾಲಿ ಕಳಶ ಕೊಟ್ಟರೆ ಭಾರದಲ್ಲೇ ಗೊತ್ತಾಗುತ್ತದೆ ಎಂದು ಹೋಮದ ಬೂದಿ ತುಂಬುವ ಉಪಾಯ ಹೊಳೆದದ್ದು ಭಾವನವರಿಗಂತೆ, ತಳಕ್ಕೆ ಒಂದು ಮರಳಿನ ಚೀಲವನ್ನೂ ಇಟ್ಟರಂತೆ. ವಿಭಾಗೆ ಎಲ್ಲಾ ಗೊತ್ತಿತ್ತು.

"ನೀನು ದಿನಾ ಕಾಫಿ ಇಡ್ತಿದ್ದೆ ಅಮ್ಮ. ಶಲ್ಯ ಹೊದಿಸ್ತಿದ್ದೆ. ನಂಗೆ ಭಯ ಆಯ್ತು. ನೀನು ಲೆಟ್ ಗೋ ಮಾಡ್ತಾನೇ ಇರ್ಲಿಲ್ಲ."

"ಭಯ ಆದವನು ದಿನಾ ಬೆಳಿಗ್ಗೆ ಫೋನ್ ಮಾಡಿ ಅಪ್ಪಂಗೆ ಕಾಫಿ ಆಯ್ತಾ ಅಂತ ಯಾಕೆ ಕೇಳ್ತಿದ್ದೆ?"

ಆಗಸ್ಟಿನಲ್ಲಿ ಹೋಮದ ಬೂದಿಯನ್ನು ಕಾವೇರಿಗೆ ಬಿಡಿಸಿ, ಪಕ್ಕದಲ್ಲಿ ನಿಂತು ಕೈ ಮುಗಿಯುತ್ತಿದ್ದೆಯಾ ಎಂದೆ. ಹೌದು ಅನ್ನುವಂತೆ ಅತ್ತ. ನಾಲ್ಕು ತಿಂಗಳು ಇವರೆಲ್ಲ ಸೇರಿ ನನ್ನನ್ನು ಆಟದ ಸಾಮಾನಿನ ಮುಂದೆ ಕೂರಿಸಿದ ಮಗುವಿನ ಹಾಗೆ ನೋಡಿಕೊಂಡಿದ್ದಾರೆ. ಮೋಸ ಮಾಡಿದ್ದಕ್ಕಿಂತ, ಆ ಮೋಸವನ್ನು ಅಕ್ಕರೆಯ ದನಿಯಲ್ಲಿ ದಿನಾ ವಿಚಾರಿಸಿಕೊಂಡದ್ದು ನನ್ನನ್ನು ಕೊಂದಿತು. ಪರರು ಮಾಡಿದ್ದರೆ ಶಾಪ ಹಾಕಿ ಮರೆಯುತ್ತಿದ್ದೆ. ಹೆತ್ತ ಮಗನಿಗೆ ಏನು ಶಾಪ ಹಾಕಲಿ?

ಹೊರಡುವಾಗ ಹೃಷಿ ಅವನ ಕಾರಿನ ಚಿಲ್ಲರೆ ಡಬ್ಬಿಯಿಂದ ಬಿಲ್ಲೆ ತಂದ. 41872. ಸುರಿಯುವಾಗ ಅದೊಂದು ಅಂಗೈಯಲ್ಲಿ ಉಳಿಯಿತಂತೆ, ಎಸೆಯಲು ಕೈ ಬರಲಿಲ್ಲವಂತೆ. "ನೀನು ಹೇಳಿದ ದಿನ ಇಬ್ರೂ ಹೋಗಿ ಇದನ್ನೂ ಆ ನದಿಗೇ ಬಿಡೋಣ ಅಮ್ಮ. ಅವತ್ತು ನಂಗೂ ಸರಿಯಾಗಿ ಅಳಕ್ಕೆ ಆಗ್ಲಿಲ್ಲ. ನನ್ನನ್ನ ಬಿಟ್ಟು ಹೋಗ್ಬೇಡ." ಆಗಲಿ ಎಂದೆ. ಮಗುವನ್ನು ನೋಡದೆ ಬಂದೆ. ಅದೊಂದು ತಪ್ಪಾಯಿತು.

ಗುರುವಾರ, ಜೂನ್ 12, 2025

ಭಾವನವರು ಫೋನ್ ಮಾಡಿದ್ದರು. ಎತ್ತಲಿಲ್ಲ. ಟಿಕೆಟ್ ರದ್ದು ಮಾಡಿದೆ.

ಶುಕ್ರವಾರ, ಜೂನ್ 27, 2025

ಯೂಲಿಯಾನಾ ನಾಳೆ ಊರಿಗೆ ಹೊರಡುತ್ತಾಳೆ. ಇವತ್ತು ಎಲ್ಲವನ್ನೂ ಅವಳಿಗೆ ಹೇಳಿದೆ. ನೀವೂ ಹೆಣಕ್ಕೆ ಕಾಫಿ ಇಡುತ್ತೀರಿ, ನಾನೂ ಇಟ್ಟೆ, ಇಬ್ಬರದೂ ಹುಚ್ಚೇ ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ನಮ್ಮಮ್ಮ ಸತ್ತಿದ್ದಾಳೆ ಅಂತ ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತು, ಕೌಸಲ್ಯಾ. ಎಲ್ಲರೂ ಸೇರಿ ಕಾಯಿಲೆ ಅನ್ನುತ್ತೇವೆ. ಒಬ್ಬರಿಗೆ ಮಾತ್ರ ಗೊತ್ತಿಲ್ಲದ ಹಾಗೆ ಮಾಡಿದರೆ ಅದು ಬೇರೆ."

ನೀನು ಹೋಗುವ ಮೊದಲೇ ನಿನ್ನ ಅಣ್ಣ ಎಲ್ಲ ಮುಗಿಸಿಬಿಟ್ಟಿದ್ದರೆ ಎಂದು ಕೇಳಿದೆ. ಬಹಳ ಹೊತ್ತು ಗಾಜು ಒರೆಸಿದಳು. ಹಾಗಾದರೆ ನನ್ನ ಪಾಲಿಗೆ ಅಮ್ಮನಿಗೆ ಇನ್ನೂ ಕಾಯಿಲೆಯೇ ಅಂದಳು.

ಶುಕ್ರವಾರ, ಜುಲೈ 18, 2025

ಸಂಜೆ ಯೂಲಿಯಾನಾಳ ಮೆಸೇಜ್ ಬಂತು, ಫೋಟೋ ಸಮೇತ. ಅಲ್ಲಿ ಆಗಲೇ ಶನಿವಾರ ಬೆಳಿಗ್ಗೆ. ಕೆಂಪು ಬಟ್ಟೆ ಹೊದಿಸಿದ ಪೆಟ್ಟಿಗೆ, ಸುತ್ತ ನೂರಾರು ಜನ, ಕಪ್ಪು ಉಡುಪಿನಲ್ಲಿ ಅವಳು. ಕೆಳಗೆ ಒಂದೇ ಸಾಲು. "ಮೊದಲನೇ ಕೋಣ ಆಯಿತು. ನನ್ನಮ್ಮ ಈಗ ತೀರಿಕೊಂಡಳು."

ಹತ್ತು ಸಲ ಓದಿದೆ. ಆಮೇಲೆ ಫಿಲ್ಟರಿಗೆ ಪುಡಿ ಹಾಕಿಟ್ಟೆ, ಕಾರಿಗೆ ಪೆಟ್ರೋಲ್ ತುಂಬಿಸಿ ಬಂದೆ.

ಭಾನುವಾರ, ಜುಲೈ 20, 2025

ನಿನ್ನೆ ನಡೆದದ್ದನ್ನು ಬರೆದಿಡುತ್ತೇನೆ. ಬೇರೆ ಯಾರಿಗೂ ಹೇಳುವುದಿಲ್ಲವಾದ್ದರಿಂದ ಇಲ್ಲಾದರೂ ಇರಲಿ.

ಬೆಳಿಗ್ಗೆ ಐದು ಗಂಟೆಗೆ ಹೊರಟೆ. ಬಿಲ್ಲೆ ಶಲ್ಯದ ತುದಿಯ ಗಂಟಿನಲ್ಲಿತ್ತು, ಫ್ಲಾಸ್ಕಿನಲ್ಲಿ ಕಾಫಿ. ಕಲಮಜೂ ದಾಟಿ ರೆಸ್ಟ್ ಏರಿಯಾದಲ್ಲಿ ನಿಂತಾಗ ಹೃಷಿಯ ಫೋನ್ ಬಂತು. ಈಗ ಅವನು ಕಾಫಿ ಕೇಳುವುದಿಲ್ಲ, ಹುಷಾರಾಗಿದೀಯಾ ಎಂದು ಮಾತ್ರ ಕೇಳುತ್ತಾನೆ. ಎಲ್ಲಿದೀಯಾ ಅಂದ. ಮನೆಯಲ್ಲಿ ಎಂದೆ. ಲಾರಿಗಳ ಸದ್ದು ಕೇಳಿರಬೇಕು, ಟಿವಿ ಎಂದೆ. ಬಿಲ್ಲೆ ಜೋಪಾನವಾಗಿದೆಯಾ ಎಂದು ಕೇಳಿದ. "ಇದೆ ಪುಟ್ಟ," ಎಂದೆ. ದನಿ ಎಷ್ಟು ಮೆತ್ತಗೆ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಅವನ ವಿಕ್ಸಮ್ ಎಕ್ಸಿಟ್‌ಗೆ ನಾಲ್ಕು ಮೈಲಿ ಇರುವಾಗಲೇ ಮಿಲ್ಫರ್ಡ್ ಎಕ್ಸಿಟ್. ಅಲ್ಲಿ ಇಳಿದೆ. ಡ್ಯಾಮಿನ ಕೆಳಗೆ ನೀರು ಮೊಣಕಾಲಿನಷ್ಟು, ತಳದ ಕಲ್ಲು ಕಾಣುತ್ತಿತ್ತು. ಒಬ್ಬ ಮುದುಕ ಗಾಳ ಹಾಕಿಕೊಂಡು ಕೂತಿದ್ದ, ನನ್ನ ಕಡೆ ನೋಡಲಿಲ್ಲ. ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಈ ಸಲ ಯಾರೂ ಕೈ ಅಡ್ಡ ಹಿಡಿಯಲಿಲ್ಲ.

ಮೊದಲು ಕಾಫಿ ಬಿಟ್ಟೆ. ಒಂದು ಗಳಿಗೆ ನೀರು ಕಂದಾಗಿ, ಮತ್ತೆ ತಿಳಿಯಾಯಿತು. ಆಮೇಲೆ ಗಂಟು ಬಿಚ್ಚಿ ನಂಬರ್ ಜೋರಾಗಿ ಓದಿ ಬಿಲ್ಲೆ ಬಿಟ್ಟೆ. ನಮ್ಮ ಲ್ಯಾಬಿನಲ್ಲಿ ನಂಬರ್ ಒಂದು ಕಡೆ, ಮನುಷ್ಯ ಒಂದು ಕಡೆ ಆಗಕೂಡದು. ಐದು ತಿಂಗಳು ಇವರು ಹೆಸರಿಲ್ಲದೆ ಈ ನೀರಿನಲ್ಲಿದ್ದರು. ಬಿಲ್ಲೆ ಎರಡು ಸಲ ಮಿನುಗಿ ಕಲ್ಲಿನ ಸಂದಿಗೆ ಹೋಯಿತು. ಅಲ್ಲೇ ನಿಂತು ಬಾಯಿಬಿಟ್ಟು ಅತ್ತೆ. ಮುದುಕ ಟೋಪಿ ತೆಗೆದ.

ವಾಪಸು ಹೈವೇ ಹತ್ತುವಾಗ ಹೃಷಿಯ ಮನೆ ಕಡೆ ತಿರುಗಬಹುದಿತ್ತು. ಇಳಾಳನ್ನು ಎತ್ತಿಕೊಳ್ಳುವ ಆಸೆ ಬಹಳವಿತ್ತು. ತಿರುಗಲಿಲ್ಲ.

ಇವತ್ತು ಬೆಳಿಗ್ಗೆ ಒಂದೇ ಲೋಟ ಕಾಫಿ ಮಾಡಿದೆ. ಕುಡಿಯುತ್ತಾ ಇರುವಾಗ ಹೃಷಿ ಫೋನ್ ಮಾಡಿದ. ಸೆಪ್ಟೆಂಬರಿನ ಲೇಬರ್ ಡೇ ರಜೆಗೆ ಬರುತ್ತೇನೆ, ಇಬ್ಬರೂ ಸೇರಿ ನದಿಗೆ ಹೋಗೋಣ, ನಾನು ರೆಡಿ ಇದೀನಿ ಅಮ್ಮ ಅಂದ. ಅವನ ದನಿ ಒಡೆಯುತ್ತಿತ್ತು. ಬಾ ಪುಟ್ಟ, ಹೋಗೋಣ ಎಂದೆ.

ನಿನ್ನೆ, ಜುಲೈ ಹತ್ತೊಂಬತ್ತರ ಶನಿವಾರ ಮಧ್ಯಾಹ್ನ, ನನ್ನ ಗಂಡ ಶೇಷಾದ್ರಿ ತೀರಿಕೊಂಡರು. ಮಗನಿಗೆ ತಿಳಿಸಿಲ್ಲ.